ತಲ್ಲೂರು ಮಂಜನ ಲೂಟಿ

ಹೋದ ತಿಂಗಳು ಬಿಜೂರಿನಲ್ಲಿ ಒಂದು ಮದುವೆಯೂಟ ಮುಗಿಸಿ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ತಲ್ಲೂರು ದಾಟಿ ಬಸ್ಸು ಸೇತುವೆ ಹತ್ತುವಾಗ ಮುಂದಿನ ಸೀಟಿನ ಅಜ್ಜಿಯೊಬ್ಬರು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ ಮೊಮ್ಮಗಳ ರಟ್ಟೆ ಹಿಡಿದೆಳೆದು, "ಲೂಟಿ ಮಾಡ್ಬೇಡ ಹೆಣ್ಣೆ, ಸುಮ್ನೆ ಕೂಕೊ" ಎಂದು ಗದರಿದರು. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ನಮ್ಮ ಕಡೆ ಲೂಟಿ ಎಂದರೆ ತುಂಟತನ, ಕೀಟಲೆ. ಲೂಟಿ ಮಾಡದ ಮಗುವಿಗೆ ಮೈ ಸರಿಯಿಲ್ಲವೋ ಏನೋ ಎಂದು ತಾಯಂದಿರು ಹಣೆ ಮುಟ್ಟಿ ನೋಡುತ್ತಾರೆ. ಘಟ್ಟ ಹತ್ತಿದರೆ ಮಾತ್ರ ಅದೇ ಮಾತಿಗೆ ಸುಲಿಗೆ, ದರೋಡೆ ಎಂಬ ಅರ್ಥ. ಈ ಒಂದು ಮಾತಿನಿಂದ ಒಬ್ಬ ಮನುಷ್ಯನನ್ನು ಹಗಲು ಹೊತ್ತಿನಲ್ಲಿ, ಬೀದಿಯಲ್ಲಿ, ಬಡಿದು ಕೊಂದದ್ದನ್ನು ಕಂಡವನು ನಾನು. ಆ ಮಾತನ್ನು ಬರೆದು ಕಳಿಸಿದವನೂ ನಾನೇ.

ಅದು ದೊಡ್ಡ ಯುದ್ಧದ ಕಾಲ. ಬರ್ಮಾದ ಅಕ್ಕಿ ಬರುವುದು ನಿಂತು ಎರಡು ಮಳೆಗಾಲ ಕಳೆದಿತ್ತು. ರೇಶನ್ ಅಂಗಡಿಯಲ್ಲಿ ಸಿಗುತ್ತಿದ್ದ ಅಕ್ಕಿಯಲ್ಲಿ ಕಲ್ಲು ಆರಿಸುವುದೋ ಅಕ್ಕಿ ಆರಿಸುವುದೋ ಎಂದು ಹೆಂಗಸರು ಕೇಳುತ್ತಿದ್ದರು. ಆಸಾಡಿ ತಿಂಗಳು ಬಂದರೆ ಮೊದಲೇ ಕೈ ಬರಿದು. ಆ ವರ್ಷ ಹಲಸಿನ ಬೀಜವೂ ಮುಗಿದು, ಜನ ಕೆಸುವಿನ ಗೆಡ್ಡೆ ಅಗೆದು ಬೇಯಿಸಿ ತಿನ್ನುತ್ತಿದ್ದರು. ನನಗಾಗ ಇಪ್ಪತ್ತೊಂಬತ್ತು. ಕುಂದಾಪುರದಲ್ಲಿ ಮನೆ, ತಲ್ಲೂರಿನ ಶಾಲೆಯಲ್ಲಿ ಮಾಷ್ಟ್ರಿಕೆ. ನಡುವೆ ಹೊಳೆ. ಸೇತುವೆ ಇಲ್ಲದ ಕಾಲವಾದ್ದರಿಂದ ದಿನಾ ಎರಡು ಸಲ ಕಡವಿನ ದೋಣಿ ಹತ್ತಬೇಕು.

ಮಾಷ್ಟ್ರಿಕೆಯ ಜೊತೆಗೆ ನನಗೊಂದು ತೀಟೆ ಇತ್ತು. ಘಟ್ಟದ ಮೇಲಿನ ಒಂದು ವಾರಪತ್ರಿಕೆಗೆ ನಾನು ಊರಿನ ಬಾತ್ಮೀದಾರ. ಪತ್ರಿಕೆಯ ಹೆಸರು ಬೇಡ, ಅದು ಮುಚ್ಚಿ ಎಷ್ಟೋ ಕಾಲವಾಯಿತು. ಸಂಬಳವಿಲ್ಲ, ಒಂದು ಪ್ರತಿ ಪುಕ್ಕಟೆ ಬರುತ್ತಿತ್ತು, ಅಷ್ಟೆ. ಆದರೆ "ನಮ್ಮ ಕುಂದಾಪುರದ ಬಾತ್ಮೀದಾರರಿಂದ" ಎಂಬ ಸಾಲು ಅಚ್ಚಾದ ದಿನ ನಾನು ಶಾಲು ಹೊದ್ದು ಪೇಟೆಯಲ್ಲಿ ಎರಡು ಸುತ್ತು ಹೆಚ್ಚಿಗೆ ತಿರುಗುತ್ತಿದ್ದೆ. ಸಂಪಾದಕರನ್ನು ನಾನು ಕಂಡವನಲ್ಲ. ಬಯಲುಸೀಮೆಯವರು, ಬರೆಯುತ್ತಿದ್ದದ್ದು ಖಡಕ್ ಕಾಗದ. ಆ ಬೇಸಗೆಯಲ್ಲಿ ಒಂದು ಕಾಗದ ಬಂದಿತ್ತು: "ಮಳೆ ಬಂತು, ಹೊಳೆ ತುಂಬಿತು ಎಂದು ಬರೆಯುತ್ತೀರಿ. ಇದು ಪಂಚಾಂಗದ ಕೆಲಸ. ಜನ ಓದುವಂಥದ್ದು ಕಳಿಸಿ." ಆ ಮಾತು ನನ್ನನ್ನು ಚುಚ್ಚಿತು. ಆಮೇಲಿನದೆಲ್ಲ ಅಲ್ಲಿಂದಲೇ ಶುರುವಾಯಿತು ಎಂದು ಈಗ ಹೇಳಬಲ್ಲೆ.

ಕಡವಿನ ದೋಣಿ ನಡೆಸುತ್ತಿದ್ದವನು ಮಂಜ. ಇಪ್ಪತ್ತನಾಲ್ಕು ವರ್ಷದ ಗಟ್ಟಿ ಆಳು, ಬುದ್ಧಿ ಮಾತ್ರ ಹತ್ತು ವರ್ಷದ್ದು. ಕೋರ್ಟಿಗೆ ಹೋಗುವ ವಕೀಲರು ಹತ್ತಿದರೆ ಹೊಳೆಯ ನಡುವೆ ದೋಣಿಯನ್ನು ಹಗುರಾಗಿ ಕುಲುಕುವುದು, ನನ್ನ ಕೊಡೆಯನ್ನು ಅಡಗಿಸಿಟ್ಟು ಆಚೆ ದಡದಲ್ಲಿ ತಾನೇ ಹುಡುಕಿಕೊಟ್ಟವನ ಹಾಗೆ ತಂದುಕೊಡುವುದು, ಇಂಥವೇ ಅವನ ಕಸುಬು. ಬೈದರೆ ಹಲ್ಲು ಬಿಡುತ್ತಿದ್ದ. ಅವನ ತಾಯಿ ಮುತ್ತಕ್ಕ ದಡದಲ್ಲೇ ಸೋಗೆಯ ಮನೆಯಲ್ಲಿದ್ದಳು, ಹೊಳೆಯಲ್ಲಿ ಮಳಿ, ಎಂದರೆ ಕಪ್ಪೆಚಿಪ್ಪು, ಹೆಕ್ಕಿ ಮಾರುತ್ತಿದ್ದಳು. "ಎಂತ ಮಾಡುದ್ ಮಾಷ್ಟ್ರೆ, ಮದಿ ಮಾಡ್ರೆ ಲೂಟಿ ಬಿಡ್ತ ಅಂದೇಳಿ ಕಾಣ್ತಿದ್ದೆ, ಹೆಣ್ಣ್ ಕೊಡುವರೇ ಇಲ್ಲ" ಎಂದು ನಗುತ್ತಿದ್ದಳು.

ಆ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟು ತಲ್ಲೂರಿನ ದಡದಲ್ಲಿ ಇಳಿದಾಗ ಅಲ್ಲಿ ಜನ ಸೇರಿತ್ತು. ಹಟ್ಟಿಯಂಗಡಿಯ ಕಡೆಯಿಂದ ಹೊಳೆಯಲ್ಲಿ ಇಳಿದು ಬಂದಿದ್ದ ದೊಡ್ಡ ದೋಣಿಯೊಂದು ನೀರಿನ ಇಳಿತಕ್ಕೆ ಸಿಕ್ಕಿ ದಡಕ್ಕೆ ಕಟ್ಟಿ ನಿಂತಿತ್ತು. ಅದರ ತುಂಬ ಹುಲ್ಲು ಸುತ್ತಿ ಬಿಗಿದ ಅಕ್ಕಿಮುಡಿಗಳು. ಕುಂದಾಪುರದ ಸಾಹುಕಾರರೊಬ್ಬರ ಮಾಲು, ಅವರಿಗೆ ಸರಕಾರದ ಲೈಸನ್ಸು ಇತ್ತು. ಅಕ್ಕಿ ರೇಶನ್ನಿಗೆ ಹೋಗುತ್ತದೆ ಎಂದು ಸಾಹುಕಾರರ ಗುಮಾಸ್ತ ಹೇಳುತ್ತಿದ್ದ. ಆ ಮಾತನ್ನು ಅವನಾದರೂ ನಂಬಿದ್ದನೋ ಇಲ್ಲವೋ. ದಡದಲ್ಲಿದ್ದವರು ಬಹುಪಾಲು ಹೆಂಗಸರು. ಕೈಯಲ್ಲಿ ಖಾಲಿ ಬುಟ್ಟಿ, ಕಂಕುಳಲ್ಲಿ ಮಕ್ಕಳು.

"ಹ್ವಾಯ್, ಈ ಅಕ್ಕಿ ಎಲ್ಲಿಗ್ ಹೋತ್ತ್? ನಮ್ಮ ಮಕ್ಳಿಗೆ ಗಂಜಿ ತೆಳಿ ಸೈತ ಇಲ್ಲ" ಎಂದಳು ಒಬ್ಬಳು. "ಎರ್ಡ್ ಮುಡಿ ಇಲ್ಲೇ ಇಳ್ಸಿ, ದುಡ್ಡ್ ಕೊಡ್ತೋ" ಎಂದಳು ಇನ್ನೊಬ್ಬಳು.

ಗುಮಾಸ್ತ ಬಡಪಾಯಿ. ಸಣ್ಣ ಮೈ, ದಪ್ಪ ಕನ್ನಡಕ. "ಇಳ್ಸುಕಾತಿಲ್ಲ ಮಾರಾಯ್ತಿ, ನಂಗ್ ಹುಕುಂ ಇಲ್ಲ" ಎಂದು ಕೈ ಮುಗಿಯುತ್ತಿದ್ದ. ಅವನ ಹಿಂದೆ ಸಾಹುಕಾರರ ನಾಲ್ಕು ಆಳುಗಳು ಬಿದಿರಿನ ಗಳ ಹಿಡಿದು ನಿಂತಿದ್ದರು. ಇಬ್ಬರು ಕಾನ್ಸ್ಟೇಬಲ್‌ಗಳೂ ಇದ್ದರು.

ಈ ಮಾತುಕತೆ ಬಿಸಿಯಾಗುತ್ತಿದ್ದಾಗಲೇ ಮಂಜ ತನ್ನ ಬುದ್ಧಿ ತೋರಿಸಿದ. ಯಾರೂ ನೋಡದ ಹೊತ್ತಿನಲ್ಲಿ ಅಕ್ಕಿಯ ದೋಣಿ ಹತ್ತಿ, ಕಟ್ಟಿದ ಹಗ್ಗ ಬಿಚ್ಚಿ, ಗಳ ಊರಿ ದೋಣಿಯನ್ನು ಹೊಳೆಯ ನಡುವಿಗೆ ಒತ್ತಿಬಿಟ್ಟ. ನಾವು ತಿರುಗಿ ನೋಡುವಾಗ ಅವನು ಮುಡಿಗಳ ಮೇಲೆ ನಿಂತು, ದೋಣಿಯಲ್ಲೇ ಉಳಿದಿದ್ದ ಗುಮಾಸ್ತನ ಕೊಡೆ ಬಿಡಿಸಿ ಹಿಡಿದು, ಮದುಮಗನ ಹಾಗೆ ಠೀವಿಯಿಂದ ಕೈ ಬೀಸುತ್ತಿದ್ದ. ಹಸಿದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. ಗುಮಾಸ್ತನ ಮುಖದಲ್ಲೂ ಒಂದು ನಗು ಬಂದು ಹೋದದ್ದನ್ನು ಕಂಡೆ.

ಆ ನಗುವನ್ನೇ ಆಳುಗಳಿಗೆ ತಡೆಯಲಾಗಲಿಲ್ಲ. ಒಬ್ಬ ಗಳ ಎತ್ತಿ ಹತ್ತಿರವಿದ್ದ ಹೆಂಗಸಿನ ಬೆನ್ನಿಗೆ ಬಿಟ್ಟ. ಅವಳ ಕಂಕುಳಿನ ಕೂಸು ಕೆಸರಿಗೆ ಬಿತ್ತು. ಅಲ್ಲಿಗೆ ಎಲ್ಲ ಕೆಟ್ಟಿತು. ಹೆಂಗಸರು ಕಲ್ಲು ಎತ್ತಿಕೊಂಡರು. ಗದ್ದೆಯಲ್ಲಿದ್ದ ಗಂಡಸರು ಓಡಿ ಬಂದರು. ಕಾನ್ಸ್ಟೇಬಲ್‌ಗಳು ಸಿಕ್ಕವರ ತಲೆಗೆ ಲಾಠಿ ಬೀಸಿದರು. ನನ್ನ ಪಕ್ಕದಲ್ಲಿದ್ದ ಮುದುಕನ ಕಿವಿ ಹರಿದು ಜೋತು ಬಿತ್ತು. ಗಳಗಳು ಗಾಳಿಯಲ್ಲಿ ಸುಯ್ಯೆನ್ನುತ್ತಿದ್ದವು. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಹೊಡೆಯುವವರಿಗೇ ತಿಳಿಯುತ್ತಿರಲಿಲ್ಲ. ಆಗ ಸಾಹುಕಾರರ ಆಳೊಬ್ಬ ಹಿಂದಕ್ಕೆ ಬೀಸಿದ ಗಳ ಗುಮಾಸ್ತನ ಕಪಾಲಕ್ಕೆ ತಗುಲಿತು. ತೆಂಗಿನಕಾಯಿ ಒಡೆದ ಸದ್ದು. ಅವನು ಕನ್ನಡಕ ಹುಡುಕುವವನ ಹಾಗೆ ಕೈ ಮುಂದೆ ಚಾಚಿ ಎರಡು ಹೆಜ್ಜೆ ಇಟ್ಟು ನೀರಿಗೆ ಬಿದ್ದ. ಅವನು ಬೀಳುವಾಗ ಮಂಜ ಹೊಳೆಯ ನಡುವೆ ಇದ್ದ, ಅವನ ಕೈಯಲ್ಲಿ ಕೊಡೆ ಇತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರಿಗೆ ಹಾರಿ ಈಜಿ ಬಂದು ಗುಮಾಸ್ತನನ್ನು ದಡಕ್ಕೆ ಎಳೆದವನೂ ಮಂಜನೇ. ಮೈಯೆಲ್ಲ ಗುಮಾಸ್ತನ ರಕ್ತ ಮೆತ್ತಿಕೊಂಡು ನಿಂತವನನ್ನೇ ಕಾನ್ಸ್ಟೇಬಲ್‌ಗಳು ಹಿಡಿದರು.

ಗುಮಾಸ್ತ ಮಾರನೆಯ ದಿನ ಸತ್ತ. ಅಂದೇ ಹೊರಗಿನಿಂದ ಪೊಲೀಸ್ ತುಕಡಿಯೊಂದು ಬಂದು ದಡದ ಮನೆಗಳಿಗೆ ನುಗ್ಗಿತು. ಅಕ್ಕಿ ಹುಡುಕುತ್ತೇವೆ ಎಂದು ಗಡಿಗೆ, ಮರಿಗೆ ಎಲ್ಲ ಒಡೆದರು. ಒಂದು ಹಿಡಿ ಅಕ್ಕಿಯೂ ಸಿಗಲಿಲ್ಲ; ದೋಣಿಯ ಮುಡಿಗಳು ಒಂದೂ ಕಡಿಮೆಯಾಗದೆ ಸಾಹುಕಾರರ ಉಗ್ರಾಣ ಸೇರಿದ್ದವು. ಏನೂ ಸಿಗದ ಸಿಟ್ಟಿಗೆ ಗಂಡಸರನ್ನು ಸಾಲಾಗಿ ಕವುಚಿ ಮಲಗಿಸಿ ಅಂಗಾಲಿಗೆ ಹೊಡೆದರು. ಅಡ್ಡ ಬಂದ ಮುತ್ತಕ್ಕನ ಬಲಗೈ ಮುರಿಯಿತು.

ನಾನು ಅವಳನ್ನು ನೋಡಲು ಹೋದದ್ದು ಕನಿಕರದಿಂದಲೇ. ಆದರೆ ಕಿಸೆಯಲ್ಲಿ ಪೆನ್ಸಿಲು, ಕಾಗದ ಇದ್ದವು. ಸತ್ಯ ಹೇಳಬೇಕೆಂದರೆ ಆ ಎರಡು ದಿನ ನನಗೆ ಒಳಗೊಳಗೇ ಒಂದು ಉಮೇದು. ಕೊನೆಗೂ ಪಂಚಾಂಗವಲ್ಲದ್ದು ಸಿಕ್ಕಿತಲ್ಲ! ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಮುತ್ತಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಬರೆದುಕೊಂಡೆ: "ನಮ್ಮ ಮಾಣಿ ಲೂಟಿ ಮಾಡುಕ್ ಹೋದ್ದ್ ಹೌದ್. ಆರೆ ಕೊಲ್ಲುಕ್ ಹೋದ್ದಲ್ಲ ಮಾಷ್ಟ್ರೆ. ನೀವ್ ಕಂಡಿದ್ರ್ಯಲೆ, ನೀವ್ ಹೇಳಿ."

"ಹೇಳ್ತೆ ಮುತ್ತಕ್ಕ. ಕೋರ್ಟಂಗೂ ಹೇಳ್ತೆ, ಪೇಪರಂಗೂ ಬರೀತೆ" ಎಂದೆ.

ಬರೆದೆ ಕೂಡ. ನಾಲ್ಕು ಪುಟ. ಹೆಂಗಸರ ಖಾಲಿ ಬುಟ್ಟಿ, ಕೆಸರಿಗೆ ಬಿದ್ದ ಕೂಸು, ಆಳು ಬೀಸಿದ ಗಳ, ಮಂಜ ನೀರಿಗೆ ಹಾರಿದ್ದು, ಎಲ್ಲ ಇತ್ತು. ಮುತ್ತಕ್ಕನ ಮಾತನ್ನು ಗ್ರಂಥದ ಕನ್ನಡಕ್ಕೆ ತಿರುಗಿಸಿದಾಗಲೂ 'ಲೂಟಿ'ಯನ್ನು ಹಾಗೆಯೇ ಬಿಟ್ಟೆ. ಅವಳು ಆಡಿದ ಮಾತೇ ಇರಲಿ, ಬಾತ್ಮೀದಾರನಾದವನು ಹಾಗಿರಬೇಕು ಎಂಬ ಹಮ್ಮು ನನಗೆ. ಬಯಲುಸೀಮೆಯ ಕಣ್ಣಿಗೆ ಆ ಮಾತು ಹೇಗೆ ಕಾಣುತ್ತದೆ ಎಂದು ಲಕೋಟೆ ಅಂಟಿಸುವಾಗಲೂ ಹೊಳೆಯಲಿಲ್ಲ.

ಒಂದು ವಾರದ ಮೇಲೆ ಪತ್ರಿಕೆ ಬಂತು. ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ: "ತಲ್ಲೂರಿನಲ್ಲಿ ಅಕ್ಕಿ ಲೂಟಿ. ಪುಂಡರಿಂದ ಗುಮಾಸ್ತನ ಕೊಲೆ." ಅದರ ಕೆಳಗೆ: "ಮಗ ಲೂಟಿ ಮಾಡಲು ಹೋದದ್ದು ಹೌದು: ತಾಯಿಯ ಒಪ್ಪಿಗೆ." ಮುತ್ತಕ್ಕನ ಎರಡನೆಯ ವಾಕ್ಯ ಇರಲಿಲ್ಲ. ಬುಟ್ಟಿ ಇರಲಿಲ್ಲ, ಕೂಸು ಇರಲಿಲ್ಲ, ಗಳ ಬೀಸಿದ ಆಳು ಇರಲಿಲ್ಲ. ನನ್ನ ನಾಲ್ಕು ಪುಟ ಹದಿನೈದು ಸಾಲಾಗಿತ್ತು. ಅದರಲ್ಲಿದ್ದ ಒಂದೊಂದು ಶಬ್ದವನ್ನೂ ಬರೆದವನು ನಾನೇ, ಪುಂಡರು, ಒಪ್ಪಿಗೆ ಎಂಬೆರಡನ್ನು ಬಿಟ್ಟು. ಕೊನೆಯಲ್ಲಿ ನಮ್ಮ ಕುಂದಾಪುರದ ಬಾತ್ಮೀದಾರರಿಂದ ಎಂದೂ ಇತ್ತು.

ಪತ್ರಿಕೆ ಹಿಡಿದುಕೊಂಡೇ ಪೇಟೆಯ ಹೋಟೆಲಿಗೆ ಓಡಿದೆ. ನನಗಿಂತ ಮೊದಲೇ ಅಲ್ಲಿಗೆ ಅದು ತಲುಪಿತ್ತು. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಇಪ್ಪತ್ತು ಜನ ಕೇಳುತ್ತಿದ್ದರು. ಎಲ್ಲರೂ ಮಂಜನ ದೋಣಿ ಹತ್ತಿದವರು, ಅವನ ಕೀಟಲೆಗೆ ಸಿಕ್ಕು ಬೈದು ನಕ್ಕವರು. ದಿನಕ್ಕೆ ಹತ್ತು ಸಲ ತಮ್ಮ ಮಕ್ಕಳಿಗೆ ಲೂಟಿ ಮಾಡಬೇಡಿ ಎನ್ನುವವರು.

"ಅವ್ನ ಅಬ್ಬಿಯೇ ಒಪ್ಕಂಡಿತಂಬ್ರ್" ಎಂದರು ಹೋಟೆಲಿನ ಯಜಮಾನರು.

"ಅಯ್ಯೋ ಮಾರಾಯ್ರೆ, ಅದ್ ಆ ಲೂಟಿ ಅಲ್ಲ, ನಮ್ಮ ಲೂಟಿ" ಎಂದೆ. "ಮಾಣಿ ಕೀಟ್ಲೆ ಮಾಡುಕ್ ಹೋದ್ದ್ ಅಂದೇಳಿ ಅದ್ ಹೇಳಿದ್ದ್. ನಾನೇ ಬರ್ಕಂಡದ್ದ್."

ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. "ಪೇಪರಂಗ್ ಬಂದದ್ದ್ ನಮ್ಮ ಲೂಟಿ ಹ್ಯಾಂಗಾತ್ತ್ ಮಾಷ್ಟ್ರೆ?"

ಬಾಯಲ್ಲಿ ಇರುವಾಗ ತಮ್ಮದಾಗಿದ್ದ ಮಾತು ಅಚ್ಚಿನಲ್ಲಿ ಕಂಡ ಕೂಡಲೇ ಇವರಿಗೆ ಪರದೇಶದ್ದಾಗಿತ್ತು. ಕಂಡ ಮಂಜನನ್ನು ಬಿಟ್ಟು ಕಾಣದ ಮಂಜನೊಬ್ಬನನ್ನು ಅವರೆಲ್ಲ ನಂಬಿಯಾಗಿತ್ತು. ಮೊನ್ನೆ ತನಕ "ಪಾಪ, ಹಸುದ್ ಹೆಂಗ್ಸ್ರ್" ಎನ್ನುತ್ತಿದ್ದವರೇ, "ಹೀಂಗೇ ಬಿಟ್ರೆ ನಾಳೆ ನಮ್ಮ ಮನಿ ಬಾಗ್ಲಿಗೂ ಬತ್ರ್" ಎನ್ನತೊಡಗಿದರು. ಮರುದಿನ ಮಳಿ ಮಾರಲು ಪೇಟೆಗೆ ಬಂದ ಮುತ್ತಕ್ಕನ ಬುಟ್ಟಿಯನ್ನು ಒದ್ದು ಉರುಳಿಸಿದರು. ಯಾರೋ ಕಲ್ಲೆಸೆದರು. ಹಣೆ ಒಡೆಯಿತು. ಕಟ್ಟು ಹಾಕಿದ ಕೈಯಿಂದ ರಕ್ತ ಒರೆಸಿಕೊಳ್ಳಲಾರದೆ ಅವಳು ಎಡಗೈಯಲ್ಲೇ ಮಳಿ ಹೆಕ್ಕುತ್ತಿದ್ದಳಂತೆ.

ಸಂಪಾದಕರಿಗೆ ಕಾಗದ ಬರೆದೆ, ತಂತಿ ಕೊಟ್ಟೆ. ಉತ್ತರ ಒಂದೇ ಸಾಲು: "ಶಬ್ದ ನಿಮ್ಮದೇ ಅಲ್ಲವೆ?"

ಇನ್ನುಳಿದದ್ದು ಕೋರ್ಟು. ನಾನು ಸಾಕ್ಷಿ ಹೇಳುವುದೆಂದು ಮಂಜನ ವಕೀಲರೊಡನೆ ಮಾತಾಗಿತ್ತು. ಮಂಜ ಹೊಳೆಯ ನಡುವೆ ಇದ್ದನೆಂದು ಹೇಳುವ ಓದು ಬರಹ ಬಲ್ಲ ಮನುಷ್ಯ ನಾನೊಬ್ಬನೇ. ನನ್ನ ಮಾತೊಂದು ಸರಿಯಾಗಿ ಬಿದ್ದರೆ ಮಂಜ ಮನೆಗೆ ಬರುತ್ತಾನೆ ಎಂದು ಮುತ್ತಕ್ಕ ನಂಬಿದ್ದಳು. ನಾನೂ ನಂಬಿದ್ದೆ.

ವಿಚಾರಣೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಲಾಕಪ್ಪಿನಿಂದ ಕೋರ್ಟಿಗೆ ಮಂಜನನ್ನು ನಡೆಸಿಕೊಂಡು ಬರುತ್ತಿದ್ದರು. ಎರಡೂ ಕೈಗೆ ಕೋಳ, ಅದಕ್ಕೊಂದು ಹಗ್ಗ, ಹಗ್ಗದ ತುದಿ ಕಾನ್ಸ್ಟೇಬಲ್ಲನ ಕೈಯಲ್ಲಿ. ನಾನು ಕೋರ್ಟಿನ ಎದುರಿನ ಮರದ ಕೆಳಗೆ ನಿಂತಿದ್ದೆ. ನನ್ನನ್ನು ಕಂಡು ಮಂಜ ಹಲ್ಲು ಬಿಟ್ಟ. "ಮಾಷ್ಟ್ರೆ, ಕೊಡಿ ತಂದಿದ್ರ್ಯಾ?" ಎಂದ. ನನ್ನ ಕೊಡೆಯನ್ನು ಕೇಳಿದ್ದೇ ಅವನು ಆಡಿದ ಕೊನೆಯ ಮಾತು.

"ಲೂಟಿಕೋರ!" ಎಂದು ಯಾರೋ ಕೂಗಿದರು. ನಮ್ಮೂರಿನ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಹೋಟೆಲಿನ ಕಡೆಯಿಂದ ಮೂವತ್ತು ನಲವತ್ತು ಜನ ನುಗ್ಗಿದರು. ಮುಂದೆ ಇದ್ದವನು ನಮ್ಮ ಶಾಲೆಯ ಮೆನೇಜರರ ಅಳಿಯ. ಸಾಹುಕಾರರಿಗೂ ಅವನು ನೆಂಟ. ಅವನ ಕೈಯಲ್ಲಿ ಎತ್ತಿನ ಗಾಡಿಯ ಗೂಟ ಇತ್ತು. ಮೊದಲ ಪೆಟ್ಟು ಬಾಯಿಗೆ ಬಿತ್ತು. ನಗುತ್ತಿದ್ದ ಹಲ್ಲುಗಳು ಮಣ್ಣಿಗೆ ಉದುರಿದವು. ಮಂಜ ಕೋಳದ ಕೈ ಎತ್ತಿ ತಲೆಗೆ ಅಡ್ಡ ಹಿಡಿದ. ಆ ಕೈಗೇ ಹೊಡೆದರು. ಕಾನ್ಸ್ಟೇಬಲ್ ಹಗ್ಗ ಬಿಟ್ಟು ದೂರ ಸರಿದು ನಿಂತ. ಇನ್ನೊಬ್ಬ ಕಾನ್ಸ್ಟೇಬಲ್ ಕೋರ್ಟಿನ ಗೋಡೆಯ ಕಡೆ ಮುಖ ಮಾಡಿದ. ಬಿದ್ದವನ ಮೇಲೆ ಕಾಲುಗಳು, ಗೂಟ, ಕಲ್ಲು. ಹೋಟೆಲಿನ ಯಜಮಾನರು, ಇರುವೆಯನ್ನೂ ತುಳಿಯದ ಮನುಷ್ಯ, ಮೆಟ್ಟಿನ ಕಾಲಿನಲ್ಲಿ ಒದೆಯುತ್ತಿದ್ದರು. ನಾನು "ಬಿಡಿ, ಹೊಯ್ಬೇಡಿ" ಎಂದು ಕೂಗಿದ್ದು ಹೌದು. ಆದರೆ ಮರದ ಕೆಳಗಿನಿಂದಲೇ ಕೂಗಿದೆ. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಜನ ಚದುರಿದಾಗ ಮಂಜನ ಮುಖವೆಂಬುದು ಉಳಿದಿರಲಿಲ್ಲ.

ಆ ವರದಿಯನ್ನೂ ನಾನೇ ಕಳಿಸಬೇಕಾಗಿತ್ತು. ಬರೆಯಲು ಕೂತೆ. ಅಳಿಯನ ಹೆಸರು ಬರೆದೆ, ಹೊಡೆದು ಹಾಕಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಮೆನೇಜರರೇ ಮನೆಗೆ ಬಂದರು, ಜಗಲಿಯಲ್ಲಿ ಕೂತರು, ನೀರು ಬೆಲ್ಲ ತೆಗೆದುಕೊಂಡರು. ಬೆದರಿಸಲಿಲ್ಲ. "ಮಾಷ್ಟ್ರೆ, ಮಳೆ ಬಿಟ್ಮೇಲೆ ಶಾಲೆಗೆ ಇನ್ನೊಬ್ರ್ ಮಾಷ್ಟ್ರ್ ಬಪ್ಪುರಿದ್ರ್. ಇಬ್ರಿಗೂ ಜಾಗ ಇತ್ತಾ ಅಂದೇಳಿ ಕಾಣ್ಕ್" ಎಂದರು. ಮನೆಯಲ್ಲಿ ಹೆಂಡತಿ ಬಸುರಿ. ನಾನು ಹೊಸ ಕಾಗದ ತೆಗೆದುಕೊಂಡು ಬರೆದೆ: "ಕೋರ್ಟಿಗೆ ಕರೆತರುತ್ತಿದ್ದಾಗ ರೊಚ್ಚಿಗೆದ್ದ ಅಪರಿಚಿತ ಜನರ ಗುಂಪು ಆರೋಪಿಯ ಮೇಲೆ ಬಿದ್ದಿತು. ಪೊಲೀಸರು ತಡೆಯಲೆತ್ನಿಸಿದರೂ ಆಗದೆ ಆರೋಪಿ ಮೃತಪಟ್ಟನು." ಈ ಸಲ ಸಂಪಾದಕರು ಒಂದು ಅಕ್ಷರವನ್ನೂ ಕಡಿಯಲಿಲ್ಲ. ಕಡಿಯುವುದನ್ನೆಲ್ಲ ನಾನೇ ಕಡಿದು ಕಳಿಸಿದ್ದೆನಲ್ಲ.

ಪತ್ರಿಕೆ ಬಂದ ಎರಡು ದಿನಕ್ಕೆ, ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋಗಿದ್ದಾಗ, ಮುತ್ತಕ್ಕ ಶಾಲೆಗೆ ಬಂದಳು. ಎಡಗೈಯಲ್ಲಿ ಆ ಪತ್ರಿಕೆ ಇತ್ತು. ಎಲ್ಲಿಂದ ತಂದಳೋ, ನಾನು ಕೇಳಲಿಲ್ಲ. ಹೊಸ್ತಿಲಲ್ಲೇ ಕೂತಳು.

"ನಮ್ಮ ಮಾಣಿ ಸುದ್ದಿ ಬಂದಿತಂಬ್ರ್. ಓದಿ ಹೇಳ್ತ್ರ್ಯಾ ಮಾಷ್ಟ್ರೆ? ನಂಗ್ ಅಕ್ಷರ ಬತ್ತಿಲ್ಲ."

ಪತ್ರಿಕೆ ತೆಗೆದುಕೊಂಡೆ. ನಾನು ಬರೆದ ಸಾಲುಗಳು ಎದುರಿಗಿದ್ದವು. ಅವುಗಳನ್ನು ಆ ತಾಯಿಯ ಮುಂದೆ ಓದಲು ನನ್ನ ನಾಲಿಗೆ ಏಳಲಿಲ್ಲ. ಕಣ್ಣನ್ನು ಕಾಗದದ ಮೇಲಿಟ್ಟುಕೊಂಡು ನಾನು ಇಲ್ಲದ್ದನ್ನು ಓದತೊಡಗಿದೆ. ತಲ್ಲೂರಿನ ಕಡವಿನ ಮಂಜ ನಿರಪರಾಧಿ ಎಂದೆ. ಅವನು ಕೀಟಲೆಗೆಂದು ಹಗ್ಗ ಬಿಚ್ಚಿದ್ದನೇ ಹೊರತು ಒಂದು ಮುಡಿಯನ್ನೂ ಮುಟ್ಟಲಿಲ್ಲ, ಗುಮಾಸ್ತನನ್ನು ಹೊಡೆದದ್ದು ಸಾಹುಕಾರರ ಆಳು, ನೀರಿನಿಂದ ಎತ್ತಿದ್ದು ಮಂಜ ಎಂದೆ. ಅವನನ್ನು ಕೊಂದವರ ಹೆಸರುಗಳನ್ನು ಒಂದೊಂದಾಗಿ ಓದಿದೆ. ಮೆನೇಜರರ ಅಳಿಯನ ಹೆಸರು ಓದಿದೆ, ಹೋಟೆಲಿನ ಯಜಮಾನರ ಹೆಸರು ಓದಿದೆ. ಪೊಲೀಸರು ನೋಡುತ್ತ ನಿಂತಿದ್ದರು ಎಂದು ಓದಿದೆ. ಓದುತ್ತ ಓದುತ್ತ ನನ್ನ ದನಿ ಏರಿತು. ಅಷ್ಟು ಚೆನ್ನಾಗಿ ನಾನು ಯಾವ ವರದಿಯನ್ನೂ ಬರೆದಿರಲಿಲ್ಲ.

ಮುತ್ತಕ್ಕ ಕೊನೆಯ ತನಕ ಕೇಳಿದಳು. ಆಮೇಲೆ ಎದ್ದು, ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಆಚೆಮನಿ ಹೆಣ್ಣ್ ನಿನ್ನೆಯೇ ಓದಿ ಹೇಳಿತ್ ಮಾಷ್ಟ್ರೆ, ಇದ್ರಂಗೆ ಎಂತ ಇತ್ತ್ ಅಂದೇಳಿ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀವ್ ಈಗ ಬಾಯಂಗ್ ಓದಿದ್ರ್ಯಲೆ, ಅದನ್ನೇ ಬರಿಯುಕ್ ಆತಿರ್ಲಿಲ್ಯಾ?"

ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಶಾಲೆಯ ಅಂಗಳ ಇಳಿದು ಹೋದಳು. ಪತ್ರಿಕೆಗೆ ಬರೆಯುವುದನ್ನು ನಾನು ಅಂದಿಗೆ ಬಿಟ್ಟೆ. ಶಾಲೆಯ ಕೆಲಸ ಉಳಿಯಿತು. ಅದೇ ಶಾಲೆಯಲ್ಲಿ ಇನ್ನೂ ಇಪ್ಪತ್ತಾರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ.